ಹೆಸರಿಲ್ಲದ ಹುಳು, ಲೆಕ್ಕವಿಲ್ಲದ ಹೊಳೆ

— ಮೇಡಂ, ಬೇಸರ ಮಾಡಿಕೊಳ್ಳಬೇಡಿ, ನೇರವಾಗಿಯೇ ಕೇಳುತ್ತೇನೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಬೋರ್ನಿಯೋ, ಸುಮಾತ್ರಾಗಳ ಬೆಟ್ಟದ ಹೊಳೆಗಳಿಂದ ಹೊಸ ಕ್ಯಾಡಿಸ್ ಕೀಟಗಳ ವಿವರಣೆಗಳು ದಶಕಗಳಿಂದ ಒಂದರ ಹಿಂದೊಂದು ಅಚ್ಚಾಗುತ್ತಲೇ ಇವೆ. ಯಾವುದನ್ನು ತೆರೆದರೂ ಅದೇ ಧಾಟಿ: ಒಂದು ಲ್ಯಾಟಿನ್ ಹೆಸರು, ಸಿಕ್ಕ ಜಾಗ, ದಿನಾಂಕ, ರೆಕ್ಕೆಯ ಉದ್ದ, ಗಂಡು ಕೀಟದ ಹೊಟ್ಟೆಯ ತುದಿಯ ಮೂರು ನಾಲ್ಕು ರೇಖಾಚಿತ್ರ. ಅಷ್ಟಕ್ಕೆ ಮುಗಿಯಿತು. ಆ ಕೀಟ ಹೊಳೆಯಲ್ಲಿ ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ನೀರು ಕೆಟ್ಟರೆ ತಾಳುತ್ತದೋ ಇಲ್ಲವೋ, ಅದರ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ನಾನು ನೀರಾವರಿ ಕಡೆಯವನು, ನನಗೆ ಹೊಳೆ ಎಂದರೆ ಹರಿವು, ಹೂಳು, ಆಳ. ಪ್ರಪಂಚದಲ್ಲಿ ಈಗಾಗಲೇ 16,000ಕ್ಕೂ ಹೆಚ್ಚು ಕ್ಯಾಡಿಸ್ ಪ್ರಭೇದಗಳಿಗೆ ಹೆಸರಿದೆ ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ಸೇರಿದರೆ ಹೊಳೆಗೆ ಬಂದದ್ದೇನು? ಇಷ್ಟು ಜನರ ಇಷ್ಟು ವರ್ಷಗಳ ಶ್ರಮ ಹೊಳೆ ಉಳಿಸುವ ಕೆಲಸಕ್ಕೇ ಹೋಗಬಹುದಿತ್ತಲ್ಲ?

— ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೆಸರಿಡುವುದು ಒಂದು ಕೆಲಸ, ಉಳಿಸುವುದು ಇನ್ನೊಂದು ಕೆಲಸ ಎಂದು ನೀನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೀಯ. ಆ ತೀರ್ಮಾನವೇ ತಪ್ಪು ಎನ್ನುವುದು ನನ್ನ ವಾದ. ಅದಕ್ಕೂ ಮುಂಚೆ ಹುಳುವನ್ನೊಮ್ಮೆ ಹತ್ತಿರದಿಂದ ನೋಡು. ಕ್ಯಾಡಿಸ್ ಅಂದರೆ ಚಿಟ್ಟೆ, ಪತಂಗಗಳಿಗೆ ತೀರಾ ಹತ್ತಿರದ ಬಳಗ. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡನ್ನು ಕಟ್ಟುವ ರೇಷ್ಮೆಹುಳುವಿನ ಹಾಗೆಯೇ ಇದರ ಮರಿಹುಳುವೂ ಬಾಯಿಯ ಬಳಿಯ ಗ್ರಂಥಿಯಿಂದ ರೇಷ್ಮೆ ತೆಗೆಯುತ್ತದೆ, ಆದರೆ ನೀರಿನೊಳಗೆ. ಕೆಲವು ಆ ಎಳೆಯಿಂದ ಮರಳಿನ ಕಣ, ಎಲೆಚೂರು, ಕಡ್ಡಿಗಳನ್ನು ಅಂಟಿಸಿ ಮೈಸುತ್ತ ಕೊಳವೆ ಕಟ್ಟಿಕೊಂಡು ಅದನ್ನು ಹೊತ್ತೇ ತಿರುಗುತ್ತವೆ. ಕೆಲವು ಕಲ್ಲುಗಳ ನಡುವೆ ಬಲೆ ಹೆಣೆದು ಹರಿವು ತಂದುಕೊಟ್ಟದ್ದನ್ನು ತಿನ್ನುತ್ತವೆ. ಆಗ್ನೇಯ ಏಷ್ಯಾದಲ್ಲಿ ಧಾರಾಳವಾಗಿ ಸಿಗುವ ಕಿಮಾರಾ ಎಂಬ ಕುಲದ್ದನ್ನು ತೆಗೆದುಕೋ. ರಭಸದ ನೀರಿನ ಕಲ್ಲನ್ನು ಮಗುಚಿದರೆ ಅದರ ಅಡಿಯಲ್ಲಿ ಬೆರಳಿನಂಥ ರೇಷ್ಮೆಯ ಚೀಲಗಳು ಜೋತಿರುತ್ತವೆ, ನೀರಿನಿಂದ ಎತ್ತಿದ ಕೂಡಲೇ ಕುಸಿದು ಲೋಳೆಯಂತೆ ಕಾಣುತ್ತವೆ. ಒಳಗಿರುವ ಹುಳುವಿನ ಮೇಲ್ದುಟಿ ಬೆಳ್ಳಗೆ, ಮೆತ್ತಗೆ, ಅಂಚಿನಲ್ಲಿ ಕೂದಲಿನ ಕುಂಚವಿದ್ದು ಅಡ್ಡಕ್ಕೆ ಹರಡಿಕೊಂಡಿರುತ್ತದೆ. ಬಲೆಯ ಒಳಮೈಗೆ ಅಂಟಿದ ಧೂಳಿನಷ್ಟು ಸಣ್ಣ ಆಹಾರವನ್ನು ಅದರಿಂದಲೇ ಗುಡಿಸಿ ತಿನ್ನುತ್ತದೆ. ಇದೇ ಕುಟುಂಬದ ಉತ್ತರ ಅಮೆರಿಕದ ಒಂದು ಪ್ರಭೇದದ ಬಲೆಯನ್ನು ಅಳೆದಾಗ ಒಂದೊಂದು ಕಣ್ಣಿನ ಅಗಲ 0.5 ಮೈಕ್ರೋಮೀಟರ್, ಉದ್ದ 5.5 ಮೈಕ್ರೋಮೀಟರ್ ಇತ್ತು. ಬ್ಯಾಕ್ಟೀರಿಯಾ ಗಾತ್ರದ ಕಣವೂ ಅದರಲ್ಲಿ ಸಿಕ್ಕಿಬೀಳುತ್ತದೆ. ಹೈಡ್ರೊಸೈಕಿಡೇ ಎಂಬ ಇನ್ನೊಂದು ಕುಟುಂಬದ ಬಲೆಗಳ ಕಣ್ಣು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಒಂದೇ ಹೊಳೆಯ ಒಂದೇ ಮಾರುದ್ದದಲ್ಲಿ ಬೇರೆ ಬೇರೆ ಹುಳುಗಳು ನೀರಿನಿಂದ ಬೇರೆ ಬೇರೆ ಗಾತ್ರದ ಕಣ ಸೋಸುತ್ತಿರುತ್ತವೆ. ನೀನು ಅಳೆಯುವ ಹರಿವು, ಹೂಳುಗಳೇ ಈ ಹುಳುಗಳ ಬದುಕನ್ನು ನಿರ್ಧರಿಸುವುದು. ಇವುಗಳಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಹೇಳಲು ಮೊದಲು ಯಾವುದು ಯಾವುದೆಂದು ಗೊತ್ತಿರಬೇಕು.

— ಗೊತ್ತಿರಬೇಕು, ಒಪ್ಪಿದೆ. ಆದರೆ ಅಷ್ಟು ಆಳಕ್ಕೆ ಇಳಿಯಲೇಬೇಕೆ? ನೀರಿನ ಗುಣಮಟ್ಟ ನೋಡುವವರು ಕುಟುಂಬದ ಮಟ್ಟದಲ್ಲೇ ಅಂಕ ಕೊಟ್ಟು ಕೆಲಸ ನಡೆಸುತ್ತಾರಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪಿಸಿದ ಅಂಕಪಟ್ಟಿಯೊಂದಿದೆ, ನದಿಯ ಹುಳುಹುಪ್ಪಟೆಗಳ ಒಂದೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ. ಅದನ್ನೇ ಥಾಯ್ಲೆಂಡಿಗೆ ಹೊಂದಿಸಿ, ಚಿಯಾಂಗ್ ಮಾಯ್ ಕಡೆಯ ಮೇ ಪಿಂಗ್ ನದಿಯ ಮೇಲೆ ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತದೆ ಎಂದೇ ಅವರ ಅಭಿಪ್ರಾಯ. ಒಬ್ಬ ಪದವೀಧರನಿಗೆ ಒಂದು ವಾರ ತರಬೇತಿ ಕೊಟ್ಟರೆ ಕುಟುಂಬ ಗುರುತಿಸುತ್ತಾನೆ. ಪ್ರಭೇದ ಗುರುತಿಸಲು ಅರ್ಧ ಆಯುಸ್ಸು ಬೇಕು. ಇರುವ ಹಣದಲ್ಲಿ ಯಾವುದು ಜಾಣತನ?

— ಹೊಲಸು ನೀರನ್ನೂ ಶುದ್ಧ ನೀರನ್ನೂ ಬೇರ್ಪಡಿಸಲು ಕುಟುಂಬ ಸಾಕು. ಆ ಅಂಕಪಟ್ಟಿಯ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಹೈಡ್ರೊಸೈಕಿಡೇ ಕುಟುಂಬಕ್ಕೆ ಎಷ್ಟು ಅಂಕ ಗೊತ್ತೇ? 5. ನಟ್ಟನಡುವೆ. ಯಾಕೆಂದರೆ 2,000ದ ಹತ್ತಿರ ಪ್ರಭೇದಗಳಿರುವ ಆ ಕುಟುಂಬದಲ್ಲಿ ಎಲ್ಲ ಥರದವೂ ಇವೆ. ಬ್ರಿಟನ್ನಿನಲ್ಲೇ ನೋಡು, ಡಿಪ್ಲೆಕ್ಟ್ರೋನಾ ಫೆಲಿಕ್ಸ್ ಎಂಬುದು ತಣ್ಣನೆಯ ಊಟೆಹಳ್ಳಗಳನ್ನು ಬಿಟ್ಟು ಕೆಳಗಿಳಿಯುವುದಿಲ್ಲ. ಹೊಳೆ ಅಗಲವಾಗುತ್ತ ಬೆಚ್ಚಗಾಗುತ್ತ ಹೋದಂತೆ ಅದರ ಜಾಗವನ್ನು ಹೈಡ್ರೊಸೈಕೆ ಕುಲದ ಬೇರೆ ಬೇರೆ ಪ್ರಭೇದಗಳು ಸರದಿಯಂತೆ ಹಿಡಿಯುತ್ತವೆ, ಅವುಗಳಲ್ಲಿ ಹೈಡ್ರೊಸೈಕೆ ಅಂಗುಸ್ಟಿಪೆನ್ನಿಸ್ ಎಂಬುದು ಆಮ್ಲಜನಕ ಕಡಿಮೆಯಾದ ನೀರನ್ನೂ ಸಹಿಸುತ್ತದೆ. ಎಲ್ಲಕ್ಕೂ ಅದೇ 5. ಮೇಲಿನ ಕಾಡು ಕಡಿದು ನೀರು ಎರಡು ಡಿಗ್ರಿ ಬಿಸಿಯಾಗಿ, ತಂಪು ಬೇಕಾದ ಹುಳು ಸತ್ತು, ಬಿಸಿ ತಾಳುವ ಹುಳು ಬಂದು ಕೂತರೂ ನಿನ್ನ ಪದವೀಧರನ ಹಾಳೆಯಲ್ಲಿ ಅಂಕ ಬದಲಾಗುವುದಿಲ್ಲ. ಹೊಳೆ ಬದಲಾಗಿಹೋಗಿರುತ್ತದೆ, ಲೆಕ್ಕ ಮಾತ್ರ ಹಾಗೇ ಇರುತ್ತದೆ. ಆಗ್ನೇಯ ಏಷ್ಯಾದ ಹೊಳೆಗಳಿಗೆ ಈಗ ಬಂದಿರುವ ಕುತ್ತು ಬಹುಪಾಲು ಇಂಥದ್ದು. ಚರಂಡಿ ನೀರಲ್ಲ, ಕಾಡು ಹೋಗಿ ಎಣ್ಣೆತಾಳೆ, ರಬ್ಬರ್ ತೋಟ ಬರುವುದು, ದಡದ ನೆರಳು ಹೋಗುವುದು, ಅಣೆಕಟ್ಟೆಯ ಹಿಂದೆ ಹರಿವು ನಿಲ್ಲುವುದು. ಈ ಮೆಲ್ಲನೆಯ ಬದಲಾವಣೆಯನ್ನು ಕುಟುಂಬದ ಅಂಕ ಹಿಡಿಯಲಾರದು.

ಇದಕ್ಕೆ ಆ ಪ್ರದೇಶದ್ದೇ ಸಾಕ್ಷಿ ಕೊಡುತ್ತೇನೆ, ಕೇಳು. ಪೊರ್ನ್‌ತಿಪ್ ಚಂತರಮೊಂಕೊಲ್ ಎಂಬ ಥಾಯ್ ವಿಜ್ಞಾನಿ 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದು ಥಾಯ್ಲೆಂಡಿನ ಬಗ್ಗೆ ಅಲ್ಲ. ಹಂಗರಿಯ ವೆರೊಟ್ಸೆ ಎಂಬ ಊರಿನ ಬಳಿ ಡ್ಯಾನ್ಯೂಬ್ ನದಿಯಲ್ಲಿ, ದೀಪಕ್ಕೆ ಬಂದ ಕ್ಯಾಡಿಸ್ ಕೀಟಗಳನ್ನು ನೋಡಿ ನದಿಯ ಗುಣ ಹೇಳುವುದು ಹೇಗೆ ಎಂಬುದರ ಬಗ್ಗೆ. ಅಲ್ಲಿ ಅದು ಸಾಧ್ಯವಾಯಿತು, ಏಕೆಂದರೆ ಯುರೋಪಿನಲ್ಲಿ ದೀಪದಡಿ ಬಿದ್ದ ಕೀಟಗಳಿಗೆ ಆಗಲೇ ಹೆಸರಿತ್ತು, ಆ ಹೆಸರಿನಡಿ ನೂರು ವರ್ಷದ ತಿಳಿವಳಿಕೆ ಜಮೆಯಾಗಿತ್ತು. ಅದೇ ವಿಧಾನವನ್ನು ಚಿಯಾಂಗ್ ಮಾಯ್‌ನ ಬೆಟ್ಟದ ಹೊಳೆಗಳಲ್ಲಿ ನೇರವಾಗಿ ಬಳಸುವ ಹಾಗಿರಲಿಲ್ಲ, ದೀಪಕ್ಕೆ ಬಂದವುಗಳಲ್ಲಿ ಎಷ್ಟೋ ಕೀಟಗಳನ್ನು ಕರೆಯಲು ಹೆಸರೇ ಇರಲಿಲ್ಲ. ಹಾಗಾಗಿ ಅವರು ಮತ್ತು ಆಸ್ಟ್ರಿಯಾದ ಹಾನ್ಸ್ ಮಾಲಿಕಿ ಸೇರಿ ಥಾಯ್ಲೆಂಡಿನ ಹೊಸ ಪ್ರಭೇದಗಳನ್ನು ಕಂತುಕಂತಾಗಿ ವಿವರಿಸುತ್ತ ಹೋದರು. ನೀನು ಹೇಳಿದ ಆ ಒಣ ಲೇಖನಗಳು ಇವೇ. ಆಮೇಲೆ 1993ರಲ್ಲಿ ಏನಾಯಿತು ನೋಡು. ಥಾಯ್ಲೆಂಡಿನ ಅತಿ ಎತ್ತರದ, 2,565 ಮೀಟರಿನ ದೋಯ್ ಇಂಥನೋನ್ ಬೆಟ್ಟದ ಮೇ ಕ್ಲಾಂಗ್ ಹೊಳೆಯನ್ನು ಮೇಲಿನಿಂದ ಕೆಳಗಿನವರೆಗೆ ಅಭ್ಯಾಸ ಮಾಡಿ, ಯಾವ ಪ್ರಭೇದ ಯಾವ ಎತ್ತರದಲ್ಲಿ ಇರುತ್ತದೆ, ಯಾವುದು ತಂಪಿಗೆ ಒಗ್ಗಿದ್ದು, ಯಾವುದು ಬೆಚ್ಚಗಿನ ನೀರಿಗೆ ಒಗ್ಗಿದ್ದು ಎಂದು ಅದೇ ಇಬ್ಬರು ವಿಂಗಡಿಸಿ ತೋರಿಸಿದರು. ಈಗ ಹವಾಮಾನ ಬದಲಾವಣೆಯ ಮಾತು ಬಂದಾಗ, ಆ ಹೊಳೆಗೆ ಹಿಂದಿರುಗಿ ತಂಪಿನ ಹುಳುಗಳು ಎಷ್ಟು ಮೇಲಕ್ಕೆ ಸರಿದಿವೆ ಎಂದು ಕೇಳಲು ಒಂದು ಆಧಾರವಿದೆ. ಹೆಸರಿಲ್ಲದಿದ್ದರೆ ಆ ಪ್ರಶ್ನೆಯನ್ನು ಕೇಳುವುದೇ ಅಸಾಧ್ಯವಿತ್ತು. ಕಂದಾಯ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ, ಪ್ರಭೇದದ ವಿವರಣೆ ಜಮೀನಿನ ಪಹಣಿ ಇದ್ದ ಹಾಗೆ. ಪಹಣಿಯಿಂದ ಬೆಳೆ ಬರುವುದಿಲ್ಲ ನಿಜ, ಆದರೆ ಒತ್ತುವರಿಯಾಗಿದೆ ಎಂದು ದೂರು ಕೊಡಲು ಹೋದಾಗ ಮೊದಲು ಕೇಳುವುದು ಅದನ್ನೇ.

— ಸರಿ, ಪ್ರಭೇದ ಬೇಕು ಅಂತಲೇ ಇಟ್ಟುಕೊಳ್ಳೋಣ. ಆದರೆ ಹೊಳೆಯಲ್ಲಿ ಇರುವುದು ಮರಿಹುಳು, ನಿಮ್ಮವರು ಬರೆಯುವುದು ರೆಕ್ಕೆ ಬಂದು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ ಬದುಕುವ ಗಂಡು ಕೀಟವನ್ನು. ಹೆಣ್ಣನ್ನು ಎಷ್ಟೋ ಸಲ ಬಿಟ್ಟೇಬಿಡುತ್ತಾರೆ. ಮರಿಹುಳು ಯಾವ ಗಂಡಿನದು ಎಂದು ಬಹುಪಾಲು ಪ್ರಭೇದಗಳಲ್ಲಿ ಗೊತ್ತೇ ಇಲ್ಲ. ಕಲ್ಲಿನಡಿ ಸಿಕ್ಕ ಹುಳುವಿಗೂ ಅಚ್ಚಾದ ಚಿತ್ರಕ್ಕೂ ಸಂಬಂಧವೇ ಇಲ್ಲದಿದ್ದರೆ ಆ ಹೆಸರಿನಿಂದ ಏನು ಪ್ರಯೋಜನ? ಎಲ್ಲ ಬಿಟ್ಟು ಜನನಾಂಗದ ಚಿತ್ರವನ್ನೇ ಬರೆಯುವುದು ಯಾಕೆ ಅನ್ನುವುದೂ ನನಗೆ ಅರ್ಥವಾಗಿಲ್ಲ.

— ಎರಡನೆಯದನ್ನು ಮೊದಲು ಹೇಳುತ್ತೇನೆ, ಆಗ ಮೊದಲನೆಯದು ತಾನೇ ಬಿಡಿಸಿಕೊಳ್ಳುತ್ತದೆ. ಮುಸ್ಸಂಜೆ ಹೊಳೆಯ ದಡದಲ್ಲಿ ಬ್ಯಾಟರಿಯಿಂದ ಉರಿಯುವ ನೇರಳಾತೀತ ಟ್ಯೂಬ್ ಇಟ್ಟು, ಅದರ ಕೆಳಗೆ ಸೋಪು ಬೆರೆಸಿದ ನೀರಿನ ಬಿಳಿ ತಟ್ಟೆ ಇಡುತ್ತಾರೆ. ಕತ್ತಲಾದ ಮೊದಲ ಕೆಲವು ಗಂಟೆಗಳಲ್ಲೇ ತಟ್ಟೆ ಕೀಟಗಳಿಂದ ತುಂಬುತ್ತದೆ. ಅವುಗಳಲ್ಲಿ ಕಿಮಾರಾಗಳು ಬಹುಪಾಲು ಕಪ್ಪಗೆ, ಸಣ್ಣಗೆ, ಬರಿಗಣ್ಣಿಗೆ ಒಂದೇ ಥರ. ಒಂದು ಗಂಡನ್ನು ಎತ್ತಿ, ಹೊಟ್ಟೆಯ ಹಿಂಭಾಗವನ್ನು ಬೇರ್ಪಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಇಡುತ್ತಾರೆ. ಮಾಂಸವೆಲ್ಲ ಕರಗಿಹೋಗಿ ಗಟ್ಟಿಯಾದ ಹೊರಕವಚ ಮಾತ್ರ ಜೇನುಬಣ್ಣದಲ್ಲಿ ಪಾರದರ್ಶಕವಾಗಿ ಉಳಿಯುತ್ತದೆ. ಅದನ್ನು ತೊಳೆದು ಒಂದು ತೊಟ್ಟು ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರಗಿನಿಂದ ಒಂದೇ ಆಗಿದ್ದವು ಆಗ ಬೇರೆ ಬೇರೆಯಾಗುತ್ತವೆ. ಒಂಬತ್ತನೆಯ ಖಂಡದ ಅಡಿಯ ಚಾಚಿನ ಆಕಾರ, ಹಿಡಿಕೆಗಳ ಬಾಗು, ಶಿಶ್ನದೊಳಗಿನ ಮುಳ್ಳುಗಳು ಎಷ್ಟು, ಎಲ್ಲವೂ ಒಂದೇ ಉದ್ದವೋ ಅಲ್ಲವೋ. ಪಕ್ಕದಿಂದ, ಮೇಲಿನಿಂದ, ಅಡಿಯಿಂದ ತಿರುಗಿಸಿ ತಿರುಗಿಸಿ ಬರೆಯುತ್ತಾರೆ. ಕೂಡುವ ಅಂಗಗಳು ಒಂದು ಪ್ರಭೇದದೊಳಗೆ ಸಾಕಷ್ಟು ಸ್ಥಿರ, ಪ್ರಭೇದ ಪ್ರಭೇದಗಳ ನಡುವೆ ಸ್ಪಷ್ಟವಾಗಿ ಭಿನ್ನ. ಹೆಣ್ಣಿನಲ್ಲೂ ಮರಿಹುಳುವಿನಲ್ಲೂ ಈ ವ್ಯತ್ಯಾಸ ಅಷ್ಟು ಸುಲಭಕ್ಕೆ ಕಾಣುವುದಿಲ್ಲ, ಗಂಡನ್ನು ಆರಿಸಿಕೊಳ್ಳುವುದು ಅದಕ್ಕೇ. ಮರಿಹುಳುವನ್ನು ಮೊದಲು ಹೆಸರಿಸಲು ಹೊರಟರೆ ಎರಡು ಪ್ರಭೇದಗಳನ್ನು ಒಂದೆಂದು, ಒಂದನ್ನೇ ಎರಡೆಂದು ಬರೆಯುವ ಅಪಾಯ ಹೆಚ್ಚು.

ಇನ್ನು ಕಲ್ಲಿನಡಿಯ ಹುಳುವಿಗೂ ದೀಪದ ಕೀಟಕ್ಕೂ ಸಂಬಂಧ. ಅದನ್ನು ಜೋಡಿಸುವ ಹಳೆಯ ಉಪಾಯ ಬಹಳ ಚೆಂದದ್ದು. ಕ್ಯಾಡಿಸ್ ಮರಿಹುಳು ಕೋಶಾವಸ್ಥೆಗೆ ಹೋಗುವಾಗ ಕಳಚಿದ ತಲೆಯ, ಎದೆಯ ಗಟ್ಟಿ ಫಲಕಗಳು ಎಷ್ಟೋ ಗುಂಪುಗಳಲ್ಲಿ ಗೂಡಿನೊಳಗೇ ಉಳಿದಿರುತ್ತವೆ. ಹೊರಬರಲು ಸಿದ್ಧವಾದ ಗಂಡು ಕೋಶವೊಂದು ಸಿಕ್ಕಿತು ಎನ್ನು. ಅದರ ಹೊಟ್ಟೆಯ ತುದಿಯಲ್ಲಿ ಆಗಲೇ ಪ್ರಾಯದ ಕೀಟದ ಜನನಾಂಗ ಮೂಡಿರುತ್ತದೆ, ಅದೇ ಗೂಡಿನಲ್ಲಿ ಮರಿಹುಳುವಿನ ತಲೆಯ ಚಿಪ್ಪೂ ಇರುತ್ತದೆ. ಎರಡೂ ಒಂದೇ ಪ್ರಾಣಿಯವು ಎನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ನೋಡು, ಆ ಜನನಾಂಗವನ್ನು ಯಾವುದಕ್ಕೆ ಹೋಲಿಸುತ್ತೀಯ? ಅಚ್ಚಾಗಿರುವ ಗಂಡಿನ ಚಿತ್ರಕ್ಕೇ. ಮಾಲಿಕಿಯವರ ಆಗ್ನೇಯ ಏಷ್ಯಾದ ಕ್ಯಾಡಿಸ್ ಅಟ್ಲಾಸ್ 2010ರಲ್ಲಿ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದಿಂದ ಬಂತು. ಮಾತು ಕಡಿಮೆ, ಪುಟ ಪುಟವೂ ಗಂಡು ಜನನಾಂಗದ ರೇಖಾಚಿತ್ರ. ಅದು ಒಣ ಪುಸ್ತಕ ಎನ್ನುವವರಿದ್ದಾರೆ. ನನಗೆ ಅದು ಆ ಪ್ರದೇಶದ ಹೊಳೆಗಳ ಬಗ್ಗೆ ಮುಂದೆ ಬರುವ ಎಲ್ಲ ತಿಳಿವಳಿಕೆಗೂ ಬೇಕಾದ ಪುಸ್ತಕ. ಅದರ ಮೂಲ ವಿವರಣೆಗಳಲ್ಲಿ ಎಷ್ಟೋ ಜರ್ಮನ್ ಭಾಷೆಯಲ್ಲಿವೆ, ಆದರೂ ಲಾವೋಸಿನ ವಿದ್ಯಾರ್ಥಿಗೆ ಚಿತ್ರ ನೋಡಿ ತನ್ನ ಕೀಟ ಗುರುತಿಸಲು ಜರ್ಮನ್ ಬೇಕಾಗುವುದಿಲ್ಲ.

— ಈಗ ನಿಮ್ಮ ವಾದದ ದುರ್ಬಲ ಜಾಗಕ್ಕೇ ಬರುತ್ತೇನೆ ಮೇಡಂ. ಚಿತ್ರ ಬರೆಯುತ್ತ ಕೂರುವ ಕಾಲ ಮುಗಿಯಿತಲ್ಲವೇ? 2003ರಿಂದ ಡಿಎನ್‌ಎ ಬಾರ್‌ಕೋಡ್ ಇದೆ. ಒಂದು ಕಾಲು ಕಿತ್ತುಕೊಟ್ಟರೆ 658 ಅಕ್ಷರಗಳ ಸರಣಿ ಬರುತ್ತದೆ. ಗಂಡು, ಹೆಣ್ಣು, ಮರಿಹುಳು, ಮೊಟ್ಟೆ, ಯಾವುದಾದರೂ ಸರಿ. ಕೋಸ್ಟರಿಕಾದಲ್ಲಿ 2021ರಲ್ಲಿ ಒಂದೇ ಲೇಖನದಲ್ಲಿ 403 ಹೊಸ ಕಣಜಗಳನ್ನು ಹೆಚ್ಚುಕಡಿಮೆ ಬಾರ್‌ಕೋಡಿನ ಬಲದಿಂದಲೇ ವಿವರಿಸಿದರು. ಕ್ಯಾಡಿಸ್ ತಜ್ಞ ಫೆರ್ನಾಂಡ್ ಷ್ಮಿಡ್ 1984ರಲ್ಲಿ ಪ್ರಪಂಚದ ಒಟ್ಟು ಕ್ಯಾಡಿಸ್ 50,000 ಇರಬಹುದು ಎಂದು ಅಂದಾಜು ಮಾಡಿದ್ದರು. 2019ರ ಲೆಕ್ಕದಲ್ಲಿ ಹೆಸರು ಸಿಕ್ಕಿರುವುದು 16,266ಕ್ಕೆ. ಉಳಿದದ್ದನ್ನು ಒಂದೊಂದಾಗಿ ಪೆನ್ಸಿಲ್ ಹಿಡಿದು ಬರೆಯುತ್ತ ಹೋದರೆ ಹೊಳೆಗಳೇ ಉಳಿಯುವುದಿಲ್ಲ.

— ಬಾರ್‌ಕೋಡನ್ನು ನಾನು ವಿರೋಧಿಸುವುದಿಲ್ಲ. ಕ್ಯಾಡಿಸ್ ಅಧ್ಯಯನಕ್ಕೆ ಅದು ದೊಡ್ಡ ವರ. 2007ರಲ್ಲಿ ಝೌ ಶಿನ್, ಕಾರ್ಲ್ ಕ್ಜೆರ್, ಜಾನ್ ಮೋರ್ಸ್ ಮೂವರೂ ಚೀನಾದ ಹೈಡ್ರೊಸೈಕಿಡೇ ಮರಿಹುಳುಗಳನ್ನೂ ಪ್ರಾಯದ ಕೀಟಗಳನ್ನೂ ಡಿಎನ್‌ಎ ಮೂಲಕ ಜೋಡಿಸಿ ತೋರಿಸಿದರು. ನೀನು ಆಗ ಕೇಳಿದ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಗಮನಿಸು, ಅವರು ಜೋಡಿಸಿದ್ದು ಮರಿಹುಳುವನ್ನು ಗಂಡಿನ ಚಿತ್ರದಿಂದ ಗುರುತಾದ ಪ್ರಾಯದ ಕೀಟಕ್ಕೆ. ಒಂದು ತುದಿಯಲ್ಲಿ ಹೆಸರಿದ್ದದ್ದರಿಂದಲೇ ಇನ್ನೊಂದು ತುದಿಗೆ ಹೆಸರು ಬಂತು. ಬರೀ ಸರಣಿಗಳ ರಾಶಿ ಇದ್ದರೆ ಗುಂಪು ಗುಂಪಾಗಿ ಬೇರ್ಪಡಿಸಬಹುದು, ಅಷ್ಟೇ. ಉದಾಹರಣೆಗೆ, ಗೇಯೋರ್ಗ್ ಉಲ್ಮರ್ 1951ರಿಂದ 1957ರವರೆಗೆ ಸುಂಡಾ ದ್ವೀಪಗಳ ಕ್ಯಾಡಿಸ್‌ಗಳ ಬಗ್ಗೆ ಭಾಗ ಭಾಗವಾಗಿ ದೊಡ್ಡ ಗ್ರಂಥವನ್ನೇ ಬರೆದರು. ಜಾವಾದ ಹೊಳೆಯಿಂದ ಇವತ್ತು ಬಂದ ಒಂದು ಸರಣಿ ಉಲ್ಮರ್ ಹೆಸರಿಸಿದ ಪ್ರಭೇದದ್ದೋ ಹೊಸದೋ ಎಂದು ಸರಣಿ ತಾನಾಗಿ ಹೇಳುವುದಿಲ್ಲ, ಏಕೆಂದರೆ ಉಲ್ಮರ್ ಕಾಲದಲ್ಲಿ ಸರಣಿ ಇರಲಿಲ್ಲ. ಆ ಕೀಟದ ಹೊಟ್ಟೆಯ ತುದಿ ನೋಡಲೇಬೇಕು, ಉಲ್ಮರ್ ಚಿತ್ರದ ಪಕ್ಕ ಇಡಲೇಬೇಕು. ಅದನ್ನು ಬಿಟ್ಟು ಮುಂದೆ ಹೋದರೆ ಒಂದೇ ಕೀಟಕ್ಕೆ ಎರಡು ಹೆಸರು ಬಿದ್ದು, ಹಳೆಯ ಹೆಸರಿನಡಿ ಇದ್ದ ಮಾಹಿತಿಯೆಲ್ಲ ಹೊಸ ಹೆಸರಿಗೆ ದೊರೆಯದೆ ಹೋಗುತ್ತದೆ. ಕೋಸ್ಟರಿಕಾದ ಕಣಜಗಳ ವಿಷಯದಲ್ಲಿ ತಜ್ಞರ ನಡುವೆ ಅಷ್ಟು ಜೋರಾದ ತಕರಾರು ಎದ್ದಿದ್ದು ಇದಕ್ಕೇ. ವೇಗ ಬೇಕು, ನಿಜ. ಗಂಡಿನ ಚಿತ್ರ, ಜತೆಗೆ ಅದೇ ಕೀಟದ ಕಾಲಿನಿಂದ ತೆಗೆದ ಸರಣಿ, ಎರಡೂ ಒಂದೇ ಮಾದರಿಗೆ ಅಂಟಿಕೊಂಡು ಅಚ್ಚಾಗಬೇಕು. ಈಗ ಒಳ್ಳೆಯ ಲೇಖನಗಳು ಹಾಗೇ ಬರುತ್ತಿವೆ.

— ಆದರೂ ಒಂದೇ ಒಂದು ಗಂಡು ಸಿಕ್ಕಿತು, ಹೊಸ ಪ್ರಭೇದ ಎಂದು ಘೋಷಿಸಿಬಿಟ್ಟರು, ಇದು ವಿಜ್ಞಾನವೇ? ಅದರ ಮುಳ್ಳು ಸ್ವಲ್ಪ ಬಾಗಿದ್ದು ಆ ಒಂದು ಕೀಟದ ವಿಕಾರವೂ ಆಗಿರಬಹುದಲ್ಲ.

— ಆಗಿರಬಹುದು. ಕೆಲವು ಸಲ ಆಗಿಯೂ ಇದೆ, ಹೆಸರುಗಳನ್ನು ಆಮೇಲೆ ಒಂದುಗೂಡಿಸಿದ್ದೂ ಇದೆ. ತೀರಾ ಸಣ್ಣ ವ್ಯತ್ಯಾಸಕ್ಕೂ ಹೊಸ ಹೆಸರು ಕೊಡುವವರ ಬಗ್ಗೆ ನನಗೂ ಆಕ್ಷೇಪವಿದೆ. ಆದರೆ ಪ್ರಭೇದದ ವಿವರಣೆ ಎಂದರೆ ತೀರ್ಪಲ್ಲ, ಮುಂದಿಟ್ಟ ಒಂದು ವಾದ. ವಾದ ತಪ್ಪಿದ್ದರೆ ತಪ್ಪೆಂದು ತೋರಿಸಲು ಬೇಕಾದ ಸಾಕ್ಷ್ಯವನ್ನೂ ಅದರ ಜತೆಗೇ ಇಟ್ಟಿರುತ್ತಾರೆ, ಅದಕ್ಕೇ ಹೋಲೋಟೈಪ್ ಇರುವುದು. ಯಾವ ಒಂದು ಕೀಟದ ಮೇಲೆ ಹೆಸರು ನಿಂತಿದೆಯೋ ಅದನ್ನು ಪ್ರತ್ಯೇಕಿಸಿ ಸಂಗ್ರಹಾಲಯದಲ್ಲಿ ಇಡಬೇಕು, ಎಲ್ಲಿಟ್ಟಿದೆ ಎಂದು ಲೇಖನದಲ್ಲಿ ಬರೆಯಬೇಕು. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 2000ನೇ ಇಸವಿಯಿಂದ ಇದು ಕಡ್ಡಾಯ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ಪೇನಿನ ಲೊಂಗಿನೋಸ್ ನವಾಸ್ ಲೋಕದ ಎಲ್ಲ ಕಡೆಯ ಕೀಟಗಳನ್ನೂ ಧಾರಾಳವಾಗಿ ಹೆಸರಿಸಿದರು, ವಿವರಣೆ ಚುಟುಕು, ಚಿತ್ರ ಅಸ್ಪಷ್ಟ. ಅವರ ಎಷ್ಟೋ ಹೆಸರುಗಳು ಯಾವ ಕೀಟದವು ಎಂದು ಬಿಡಿಸುವುದರಲ್ಲೇ ಮುಂದಿನವರು ವರ್ಷಗಟ್ಟಲೆ ಕಳೆದರು. ನನ್ನ ಮಟ್ಟಿಗೆ ಕೆಟ್ಟ ವಿವರಣೆ ಎಂದರೆ ತಪ್ಪಾದ ವಿವರಣೆಯಲ್ಲ. ತಪ್ಪೋ ಸರಿಯೋ ಎಂದು ಯಾರೂ ಪರೀಕ್ಷಿಸಲಾಗದ ವಿವರಣೆ. ಒಂದೇ ಗಂಡಿನಿಂದ ಮಾಡಿದ್ದಾದರೂ, ಚಿತ್ರ ಸ್ಪಷ್ಟವಿದ್ದು ಮಾದರಿ ಭದ್ರವಾಗಿದ್ದರೆ ಅದನ್ನು ನಾನು ಒಪ್ಪುತ್ತೇನೆ. ಉಷ್ಣವಲಯದ ಹೊಳೆಯಲ್ಲಿ ಎಷ್ಟೋ ಪ್ರಭೇದಗಳು ವಿರಳ, ಹತ್ತು ಸಿಗುವವರೆಗೆ ಕಾಯುತ್ತೇನೆ ಎಂದರೆ ಹತ್ತನೆಯದು ಬರುವ ಮೊದಲು ಹೊಳೆಯೇ ಹೋಗಿರಬಹುದು.

— ಮಾದರಿ ಭದ್ರವಾಗಿ ಇಡುವುದು ಎಲ್ಲಿ ಮೇಡಂ? ಹ್ಯಾಂಬರ್ಗ್, ವಿಯೆನ್ನಾ, ಲಂಡನ್ನಿನಲ್ಲಿ. ಹೊಳೆ ಜಾವಾದಲ್ಲಿ, ಹುಳು ಯುರೋಪಿನಲ್ಲಿ. ಅಲ್ಲಿಯವರು ತಮ್ಮದೇ ಹುಳುವನ್ನು ನೋಡಲು ವೀಸಾ ಮಾಡಿಸಬೇಕು.

— ಈ ಆಕ್ಷೇಪಕ್ಕೆ ನನ್ನಲ್ಲಿ ಎದುರುತ್ತರವಿಲ್ಲ, ಅದು ನ್ಯಾಯವೇ. 1928–29ರಲ್ಲಿ ಟೀನೆಮನ್, ರುಟ್ನರ್, ಫೊಯರ್‌ಬಾರ್ನ್ ಎಂಬ ವಿಜ್ಞಾನಿಗಳು ಸುಂಡಾ ದ್ವೀಪಗಳಾದ ಜಾವಾ, ಸುಮಾತ್ರಾ, ಬಾಲಿಗಳಲ್ಲಿ ಸುತ್ತಿ ತಂದ ಸಂಗ್ರಹವೆಲ್ಲ ಯುರೋಪಿಗೇ ಹೋಯಿತು, ಉಲ್ಮರ್ ಬರೆದದ್ದೂ ಅಲ್ಲೇ ಕೂತು. ಅಂದಿನ ವ್ಯವಸ್ಥೆ ವಸಾಹತಿನದು. ಆದರೆ ಅದಕ್ಕೆ ಪರಿಹಾರ ವಿವರಣೆ ನಿಲ್ಲಿಸುವುದಲ್ಲ, ಅದನ್ನು ಹೊಳೆಯಿರುವ ನಾಡಿಗೆ ತರುವುದು. ಅಟ್ಲಾಸ್ ಚಿಯಾಂಗ್ ಮಾಯ್‌ನಲ್ಲೇ ಅಚ್ಚಾದದ್ದೂ, ಥಾಯ್ ವಿಜ್ಞಾನಿಯೊಬ್ಬರು ಆ ಹೆಸರುಗಳ ಜಂಟಿ ಕರ್ತೃವಾದದ್ದೂ ಅದಕ್ಕೇ ಮುಖ್ಯ. ನಮ್ಮಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆ ಹೊಸದಾಗಿ ಪತ್ತೆಯಾದ ಯಾವುದೇ ಜೀವಿಯ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯದಲ್ಲಿ ಇಡಬೇಕೆನ್ನುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇದೇ ಕಿಮಾರಾ, ಇದೇ ಹೈಡ್ರೊಸೈಕೆ ಇರುವುದರಿಂದ ಆ ಕಾನೂನು ನಮಗೂ ಕಾಗದದ ಮಾತಲ್ಲ.

ಆದರೆ ನಿನ್ನ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಕೊಟ್ಟಿಲ್ಲ. ಮಾದರಿ ಸಂಗ್ರಹಿಸಿದ ಮೇಲೆ ವಿವರಣೆ ಅಚ್ಚಾಗುವವರೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು 2012ರಲ್ಲಿ ಫ್ರಾನ್ಸಿನ ಸಂಶೋಧಕರು ಎಲ್ಲ ಬಗೆಯ ಜೀವಿಗಳಿಗೂ ಲೆಕ್ಕ ಹಾಕಿದರು. ಸರಾಸರಿ 21 ವರ್ಷ ಬಂತು. ಸುಂಡಾ ಯಾತ್ರೆ ಮುಗಿದು ಉಲ್ಮರ್ ಗ್ರಂಥದ ಮೊದಲ ಭಾಗ ಬರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿದಿತ್ತು. ಈ ತಡಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಉದಾಹರಣೆ ಏಷ್ಯಾದ್ದಲ್ಲ, ಜರ್ಮನಿಯ ರೈನ್ ನದಿಯದು. ಅಲ್ಲಿ 1920ರ ದಶಕದವರೆಗೆ ಒಂದು ಹೈಡ್ರೊಸೈಕೆ ಹಾರಾಡುತ್ತಿತ್ತು. ಯಾರೂ ಅದನ್ನು ಬೇರೆಯೆಂದು ಗುರುತಿಸಿರಲಿಲ್ಲ. ಸಂಗ್ರಹಾಲಯದಲ್ಲಿ ಉಳಿದಿದ್ದ ಹಳೆಯ ಕೀಟಗಳನ್ನು ನೋಡಿ, ಇದು ಪ್ರತ್ಯೇಕ ಪ್ರಭೇದ ಎಂದು 1977ರಲ್ಲಿ ಹೈಡ್ರೊಸೈಕೆ ಟೊಬಿಯಾಸಿ ಎಂಬ ಹೆಸರು ಕೊಟ್ಟವರು ಇದೇ ಹಾನ್ಸ್ ಮಾಲಿಕಿ. ಆ ಹೊತ್ತಿಗೆ ಕಾರ್ಖಾನೆಗಳ ನೀರು ಕುಡಿದ ರೈನ್‌ನಲ್ಲಿ ಅದು ಇರಲಿಲ್ಲ, ಆಮೇಲೂ ಸಿಗಲಿಲ್ಲ. ಈಗ ಅದು ಅಳಿದುಹೋದ ಪ್ರಭೇದಗಳ ಪಟ್ಟಿಯಲ್ಲಿದೆ. ಯುರೋಪಿನ ನಟ್ಟನಡುವಿನ, ವಿಜ್ಞಾನಿಗಳು ತುಂಬಿದ ನಾಡಿನ ನದಿಯಲ್ಲಿ ಒಂದು ಪ್ರಾಣಿ ಅಳಿದದ್ದು ಅರ್ಧ ಶತಮಾನ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಅದು ಇತ್ತು ಎಂಬುದೇ ದಾಖಲಾಗಿರಲಿಲ್ಲ. ಅದೇ ಮನುಷ್ಯ ಆಗ್ನೇಯ ಏಷ್ಯಾದಲ್ಲಿ ಅವಸರದಿಂದ, ಕಂತಿನ ಮೇಲೆ ಕಂತು ವಿವರಿಸುತ್ತ ಹೋದರೆ ನನಗೆ ಆ ಅವಸರದ ಅರ್ಥ ಚೆನ್ನಾಗಿ ಆಗುತ್ತದೆ. ಹೆಸರು ಕೊಟ್ಟದ್ದರಿಂದ ಹೊಳೆ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಹೆಸರು ಕೊಡದಿದ್ದರೆ ಏನು ಹೋಯಿತೆಂದು ಹೇಳುವ ಹಕ್ಕೂ ನಮಗೆ ಇರುವುದಿಲ್ಲ.

— ಹೋಯಿತೆಂದು ಹೇಳುವುದರಿಂದ ನನ್ನಂಥವನ ಕೆಲಸದಲ್ಲಿ ಏನಾದರೂ ಬದಲಾಗುತ್ತದೆಯೇ? ಲಾವೋಸಿನಲ್ಲಿ ನಾಮ್ ಥ್ಯೂನ್ 2 ಯೋಜನೆ 2010ರಲ್ಲಿ ಶುರುವಾಯಿತು, ಮೆಕಾಂಗ್‌ನ ಮೇಲೇ ಸಾಯಬೂರಿ ಅಣೆಕಟ್ಟೆ 2019ರಲ್ಲಿ ವಿದ್ಯುತ್ ಕೊಡತೊಡಗಿತು. ಯಾವ ಹುಳುವಿನ ಹೆಸರೂ ಅವನ್ನು ತಡೆಯಲಿಲ್ಲ.

— ತಡೆಯಲಿಲ್ಲ. ತಡೆಯುವುದಷ್ಟೇ ಉದ್ದೇಶವೂ ಅಲ್ಲ, ಕಟ್ಟಿದ ಮೇಲೆ ಹೇಗೆ ನಡೆಸುತ್ತೀರಿ ಎಂಬುದೂ ಇದೆ. ಅಮೆರಿಕದ ಕೊಲರಾಡೊ ನದಿಯಲ್ಲಿ, ಗ್ಲೆನ್ ಕ್ಯಾನಿಯನ್ ಅಣೆಕಟ್ಟೆಯ ಕೆಳಗೆ, ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವವರು ರಾತ್ರಿ ತಂಗುವ ಜಾಗದಲ್ಲಿ ಸಣ್ಣ ದೀಪದ ಬಲೆ ಇಟ್ಟು ಕೀಟ ಹಿಡಿದುಕೊಟ್ಟರು. ವಿದ್ಯುತ್ ಬೇಡಿಕೆಗೆ ತಕ್ಕಂತೆ ದಿನವೂ ನೀರು ಏರಿಸಿ ಇಳಿಸುವುದರಿಂದ, ದಡದ ಕಲ್ಲಿಗೆ ಅಂಟಿಸಿದ ಮೊಟ್ಟೆಗಳು ಒಣಗಿ ಹೋಗುತ್ತವೆ ಎಂದು 2016ರಲ್ಲಿ ಪ್ರಕಟವಾಯಿತು. 2018ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ವಾರಾಂತ್ಯಗಳಲ್ಲಿ ಹರಿವನ್ನು ಒಂದೇ ಮಟ್ಟದಲ್ಲಿ ಇಟ್ಟು ನೋಡಿದರು, ಕ್ಯಾಡಿಸ್‌ಗಳು ಹೆಚ್ಚಿದವು. ಗೇಟು ತೆರೆಯುವ ವೇಳಾಪಟ್ಟಿ ಬದಲಿಸಿದ್ದು ನಿನ್ನಂಥ ಎಂಜಿನಿಯರುಗಳೇ. ಅಲ್ಲಿ ಯಾವ ಕೀಟ ಯಾವುದು, ಯಾವುದು ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಹೇಳಲು ಸಾಧ್ಯವಿತ್ತು. ಮೆಕಾಂಗ್‌ನ ಉಪನದಿಗಳಲ್ಲಿ ಅದೇ ಪ್ರಯೋಗ ಮಾಡಬೇಕಾದರೆ, ಮೊದಲ ಪುಟದಲ್ಲೇ ಇನ್ನೂ ಹೆಸರಿಲ್ಲದ ಹುಳುಗಳು ಅಡ್ಡ ಬರುತ್ತವೆ.

— ಹಾಗಾದರೆ ಒಂದು ಯೋಜನೆಯ ಪರಿಸರ ವರದಿ ನನ್ನ ಮೇಜಿಗೆ ಬಂದಾಗ ನಾನು ಕೇಳಬೇಕಾದದ್ದು ಏನು?

— ಕೊನೆಯ ಪುಟದಲ್ಲಿ ಹುಳುಗಳ ಕುಟುಂಬಗಳ ಪಟ್ಟಿ ಮಾತ್ರ ಇದ್ದರೆ ಸಹಿ ಹಾಕಬೇಡ. ದೀಪದ ಬಲೆ ಇಟ್ಟಿದ್ದರೇ, ಎಷ್ಟು ಎತ್ತರಗಳಲ್ಲಿ, ಮಳೆಗಾಲಕ್ಕೆ ಮುಂಚೆಯೂ ಆಮೇಲೂ ಇಟ್ಟಿದ್ದರೇ ಎಂದು ಕೇಳು. ಗಂಡುಗಳನ್ನು ಪ್ರಭೇದದವರೆಗೆ ಗುರುತಿಸಿ, ಹೆಸರಿಲ್ಲದವನ್ನು ಹೆಸರಿಲ್ಲ ಎಂದೇ ಬರೆದು ಚಿತ್ರ ಕೊಟ್ಟಿದ್ದಾರೆಯೇ ನೋಡು. ಹೊಸದು ಎಂದು ಅನುಮಾನವಿದ್ದವನ್ನು ವಿವರಿಸಲು ಬಲ್ಲವರಿಗೆ ಕಳುಹಿಸುವ ಖರ್ಚನ್ನು ಯೋಜನೆಯ ಅಂದಾಜುಪಟ್ಟಿಯಲ್ಲೇ ಸೇರಿಸು, ಅಣೆಕಟ್ಟೆಯ ಕಾಂಕ್ರೀಟಿನ ಮುಂದೆ ಅದು ಲೆಕ್ಕಕ್ಕೇ ಇಲ್ಲದ ಮೊತ್ತ. ಎಲ್ಲಕ್ಕಿಂತ ಹೆಚ್ಚಾಗಿ, ಆಲ್ಕೋಹಾಲಿನ ಸೀಸೆಗಳು ಈಗ ಎಲ್ಲಿವೆ ಎಂದು ಕೇಳು. ಒಂದೊಂದು ಸೀಸೆಯ ಒಳಗೂ ಜಾಗ, ಎತ್ತರ, ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಇರಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಹರಡಿಹೋಗುತ್ತದೆ. ವರದಿ ಒಪ್ಪಿಸಿದ ಮೇಲೆ ಗುತ್ತಿಗೆದಾರರು ಆ ಸೀಸೆಗಳನ್ನು ಚೆಲ್ಲದೆ ಸಂಗ್ರಹಾಲಯಕ್ಕೆ ಒಪ್ಪಿಸಿ ರಸೀದಿ ತರಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಬರೆಸು, ರಸೀದಿ ಬರುವವರೆಗೆ ಕೊನೆಯ ಕಂತಿನ ಹಣ ಬಿಡುಗಡೆ ಮಾಡಬೇಡ.